ಮಿದುಳಿನಂಥ ಗಣಕವನ್ನು ಒಂದು ನರಕೋಶದಿಂದ ಕಲಿಯುವ ಬಗೆ

ಮಿದುಳು ಹೇಗೆ ಕೆಲಸ ಮಾಡುತ್ತದೆ, ಅದರಂತೆ ಕೆಲಸ ಮಾಡುವ ಗಣಕವನ್ನು ಕಟ್ಟಬಹುದೇ ಎಂಬ ಕುತೂಹಲ ಹಲವರಿಗೆ ಹದಿಹರೆಯದಲ್ಲೇ ಹುಟ್ಟುತ್ತದೆ; ಕೊನೆಯವರೆಗೆ ಉಳಿಯುವುದು ಮಾತ್ರ ಕೆಲವರಲ್ಲಿ. ವರ್ಷಗಟ್ಟಲೆ ಲೇಖನಗಳನ್ನು ಓದಿ, ವಿಡಿಯೊಗಳನ್ನು ನೋಡಿ, ಹತ್ತಾರು ಚಿಪ್‌ಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡ ಮೇಲೂ, ಒಂದೇ ಒಂದು ನರಕೋಶ ಯಾವ ಕ್ಷಣದಲ್ಲಿ ಮತ್ತು ಏಕೆ ಸ್ಪೈಕ್ (ವಿದ್ಯುತ್ತಿನ ಒಂದು ಚುಟುಕು ಮಿಡಿತ) ಹೊಮ್ಮಿಸುತ್ತದೆ ಎಂದು ಲೆಕ್ಕ ಹಾಕಿ ಹೇಳಲು ಬಾರದಿದ್ದರೆ, ಆ ಆಸಕ್ತಿ ಸುದ್ದಿಯ ಬೆನ್ನು ಹತ್ತುವ ಹವ್ಯಾಸವಾಗಿಯೇ ನಿಂತುಬಿಡುತ್ತದೆ. ಇಲ್ಲಿ ಸೂಚಿಸಿರುವ ದಾರಿ ಬೇರೆ. ಮೊದಲು ಒಂದು ಕೋಶವನ್ನು ಸ್ವಂತ ಕೈಯಿಂದ ಲೆಕ್ಕ ಹಾಕಬೇಕು, ಆಮೇಲೆ ಅದೇ ಲೆಕ್ಕವನ್ನು ಹಿಡಿದು ಚಿಪ್ ತಯಾರಕರ ಮಾತುಗಳನ್ನು ಅಳೆಯಬೇಕು. ಇದಕ್ಕೆ ಪಿಯುಸಿ ಮಟ್ಟದ ಗಣಿತ ಮತ್ತು ಭೌತವಿಜ್ಞಾನ, ಒಂದು ಸಾಧಾರಣ ಲ್ಯಾಪ್‌ಟಾಪ್, ಕೆಲವು ಅಗ್ಗದ ಬಿಡಿಭಾಗಗಳು ಮತ್ತು ಒಂದು ಮಲ್ಟಿಮೀಟರ್ ಇದ್ದರೆ ಸಾಕು.

ಆರಂಭಕ್ಕೆ ಸಾಕಾಗುವಷ್ಟು ಜೀವಶಾಸ್ತ್ರ

ವಯಸ್ಕರ ಮಿದುಳು ಸುಮಾರು 1.4 ಕಿಲೋಗ್ರಾಂ ತೂಗುತ್ತದೆ, ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಅದು ಬಳಸುವ ಶಕ್ತಿ ಸುಮಾರು 20 ವ್ಯಾಟ್. ಈ ವಿಷಯದ ಬಹುತೇಕ ಬರಹಗಳು ಈ ಮೂರು ಅಂಕಿಗಳಿಂದಲೇ ಆರಂಭವಾಗುತ್ತವೆ. ಕಲಿಯುವವನಿಗೆ ಇವುಗಳಿಂದ ತಕ್ಷಣಕ್ಕೆ ಆಗುವ ಪ್ರಯೋಜನ ಕಡಿಮೆ. ಅವನಿಗೆ ಬೇಕಾದ ಅಂಕಿ ಮೈನಸ್ 70 ಮಿಲಿವೋಲ್ಟ್. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಭಾಗಕ್ಕಿಂತ ಹೆಚ್ಚುಕಡಿಮೆ ಇಷ್ಟು ಋಣವಾಗಿರುತ್ತದೆ. ಸೋಡಿಯಂ ಅಯಾನುಗಳು ಹೊರಗೆ ಹೆಚ್ಚು, ಪೊಟ್ಯಾಸಿಯಂ ಅಯಾನುಗಳು ಒಳಗೆ ಹೆಚ್ಚು. ಈ ಅಂತರವನ್ನು ಕಾಪಾಡಲು ಪೊರೆಯಲ್ಲಿರುವ ಪಂಪು ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಮಿದುಳಿನ ಶಕ್ತಿಯ ದೊಡ್ಡ ಪಾಲು ಈ ಕೆಲಸಕ್ಕೇ ಹೋಗುತ್ತದೆ. ಇತರ ಕೋಶಗಳಿಂದ ಬಂದ ಸಂಕೇತಗಳು ಒಳಗಿನ ವೋಲ್ಟೇಜನ್ನು ಮೇಲಕ್ಕೆ ತಳ್ಳುತ್ತಾ ಒಂದು ಮಿತಿಯನ್ನು ದಾಟಿಸಿದಾಗ ಸೋಡಿಯಂ ನಾಳಗಳು ಒಮ್ಮೆಲೇ ತೆರೆದುಕೊಂಡು, ವೋಲ್ಟೇಜ್ ಸೊನ್ನೆಯನ್ನೂ ಮೀರಿ ಏರಿ, ಪೊಟ್ಯಾಸಿಯಂ ನಾಳಗಳು ತೆರೆದಾಗ ಮತ್ತೆ ಕುಸಿಯುತ್ತದೆ. ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಗಿಯುವ ಈ ಏರಿಳಿತವೇ ಸ್ಪೈಕ್. ಅದು ಬಂದರೆ ಪೂರ್ಣವಾಗಿ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಈ ವಿವರಣೆಗೆ ಸಂಖ್ಯೆಗಳ ರೂಪ ಕೊಟ್ಟವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ. ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ಆಕ್ಸಾನ್ (ನರಕೋಶದಿಂದ ಸಂಕೇತ ಒಯ್ಯುವ ತಂತು) ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವುದರಿಂದ ಅದರೊಳಗೆ ತಂತಿಯನ್ನೇ ತೂರಿಸಿ ಅಳೆಯಲು ಸಾಧ್ಯವಾಯಿತು. 1952ರಲ್ಲಿ ಅವರು ಪ್ರಕಟಿಸಿದ ಸಮೀಕರಣಗಳನ್ನು ಬಿಡಿಸುವ ಹೊತ್ತಿಗೆ ಕೇಂಬ್ರಿಜ್‌ನ ಗಣಕ ಮಾರ್ಪಾಡಿಗಾಗಿ ನಿಂತಿದ್ದುದರಿಂದ, ಹಕ್ಸ್ಲಿ ಕೈಯಿಂದ ತಿರುಗಿಸುವ ಬ್ರನ್ಸ್‌ವಿಗಾ ಲೆಕ್ಕಯಂತ್ರದಲ್ಲಿ ಹೆಜ್ಜೆ ಹೆಜ್ಜೆಯಾಗಿ ಉತ್ತರ ತೆಗೆದರು. 1963ರಲ್ಲಿ ಇಬ್ಬರಿಗೂ ಜಾನ್ ಎಕಲ್ಸ್ ಅವರೊಡನೆ ನೊಬೆಲ್ ಪ್ರಶಸ್ತಿ ಬಂತು. ಈ ಪ್ರಸಂಗವನ್ನು ಇಲ್ಲಿ ಹೇಳಲು ಕಾರಣವಿದೆ: ಹಕ್ಸ್ಲಿ ವಾರಗಟ್ಟಲೆ ಹಿಡಿದು ಮಾಡಿದ ಕೆಲಸದ ಒಂದು ಸರಳ ರೂಪವನ್ನು ಓದುಗರು ಒಂದು ಸಂಜೆಯಲ್ಲಿ ಮಾಡಬಹುದು, ಮತ್ತು ಮಾಡಲೇಬೇಕು.

ಮೇಜಿನ ಮೇಲೊಂದು ನಿಧಾನಗತಿಯ ನರಕೋಶ

ನರಕೋಶದ ಪೊರೆ ಕೆಲವೇ ನ್ಯಾನೋಮೀಟರ್ ದಪ್ಪದ ಕೊಬ್ಬಿನ ಹಾಳೆ. ಅದರ ಎರಡೂ ಬದಿಗೆ ಉಪ್ಪುನೀರಿದೆ. ವಾಹಕ, ನಡುವೆ ನಿರೋಧಕ, ಮತ್ತೆ ವಾಹಕ ಎಂಬ ಈ ಜೋಡಣೆಯನ್ನು ವಿದ್ಯುತ್ ಪಾಠದಲ್ಲಿ ಕೆಪಾಸಿಟರ್ ಎನ್ನುತ್ತೇವೆ. ಪೊರೆಯಲ್ಲಿ ಸದಾ ತೆರೆದಿರುವ ಕೆಲವು ನಾಳಗಳಿಂದ ಪ್ರವಾಹ ಸೋರುತ್ತಿರುವುದರಿಂದ ಕೆಪಾಸಿಟರಿನ ಜೊತೆಗೆ ಸಮಾಂತರವಾಗಿ ಒಂದು ರೆಸಿಸ್ಟರ್ ಇದೆಯೆಂದು ಭಾವಿಸಬಹುದು. ಫ್ರಾನ್ಸಿನ ಲೂಯಿ ಲ್ಯಾಪಿಕ್ 1907ರಲ್ಲೇ ನರದ ಪ್ರಚೋದನೆಯನ್ನು ಈ ರೀತಿಯ ಮಂಡಲವಾಗಿ ಕಂಡಿದ್ದರು. ರೋಧ 100 ಮೆಗಾಓಮ್, ಧಾರಕತೆ 200 ಪಿಕೋಫ್ಯಾರಡ್ ಎಂದುಕೊಂಡರೆ ಎರಡರ ಗುಣಲಬ್ಧ, ಎಂದರೆ ಕಾಲ ಸ್ಥಿರಾಂಕ, 20 ಮಿಲಿಸೆಕೆಂಡ್. ಕಣ್ಣಿಗೆ ಹಿಡಿಯಲಾಗದ ಈ ವೇಗವನ್ನು ಸಾವಿರ ಪಟ್ಟು ನಿಧಾನಗೊಳಿಸಿ ಮೇಜಿನ ಮೇಲೆ ನೋಡುವುದು ಮೊದಲ ಪ್ರಯೋಗ.

ಒಂದು 100 ಕಿಲೋಓಮ್ ರೆಸಿಸ್ಟರ್, 16 ವೋಲ್ಟ್ ಅಥವಾ ಹೆಚ್ಚು ತಡೆಯುವ ಒಂದು 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಒಂದು ಬ್ರೆಡ್‌ಬೋರ್ಡ್ ತರಬೇಕು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಯಾವ ಅಂಗಡಿಯಾದರೂ ಆದೀತು. ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟನ್ನು ರೆಸಿಸ್ಟರಿನ ಮೂಲಕ ಕೆಪಾಸಿಟರಿನ ಧನ ತುದಿಗೆ ಕೊಟ್ಟು, ಋಣ ಪಟ್ಟಿ ಇರುವ ತುದಿಯನ್ನು ಚಾರ್ಜರಿನ ಋಣಕ್ಕೆ ಸೇರಿಸಬೇಕು. ಈ ಬಗೆಯ ಕೆಪಾಸಿಟರನ್ನು ತಿರುವುಮುರುವಾಗಿ ಜೋಡಿಸಿದರೆ ಅದು ಹಾಳಾಗುತ್ತದೆ. ಕಾಲ ಸ್ಥಿರಾಂಕ ಈಗ 22 ಸೆಕೆಂಡು. ಕೆಪಾಸಿಟರಿನ ಎರಡು ಕಾಲುಗಳ ನಡುವೆ ಮಲ್ಟಿಮೀಟರ್ ಇಟ್ಟು, ವೋಲ್ಟೇಜ್ ಸೊನ್ನೆಯಿಂದ 4 ವೋಲ್ಟಿಗೆ ಏರಲು ಎಷ್ಟು ಹೊತ್ತು ಬೇಕಾಯಿತೆಂದು ಗಡಿಯಾರದಲ್ಲಿ ನೋಡಬೇಕು. ಲೆಕ್ಕದ ಪ್ರಕಾರ ಅದು 22 ಸೆಕೆಂಡನ್ನು 5ರ ಸಹಜ ಲಾಗರಿದಮ್ಮಿನಿಂದ ಗುಣಿಸಿದಷ್ಟು, ಎಂದರೆ ಸುಮಾರು 35 ಸೆಕೆಂಡು. ಈ ಕೆಪಾಸಿಟರುಗಳ ಧಾರಕತೆಯಲ್ಲಿ ನೂರಕ್ಕೆ 20ರವರೆಗೆ ಹೆಚ್ಚುಕಡಿಮೆ ಇರುವುದು ಸಾಮಾನ್ಯವಾದ್ದರಿಂದ 28 ಬಂದರೂ 42 ಬಂದರೂ ಗಾಬರಿಯಾಗಬೇಕಿಲ್ಲ.

ಆದರೆ ವೋಲ್ಟೇಜ್ 4.5ರ ಆಸುಪಾಸಿನಲ್ಲಿ ನಿಂತು ಮುಂದೆ ಏರದೇ ಹೋದರೆ ಅದು ಗಮನಿಸಬೇಕಾದ ಸಂಗತಿ. ಅಗ್ಗದ ಮಲ್ಟಿಮೀಟರುಗಳ ಆಂತರಿಕ ರೋಧ 1 ಮೆಗಾಓಮ್ ಮಾತ್ರ ಇರುವುದುಂಟು; ಆಗ ಮೀಟರೇ ಒಂದು ಸೋರಿಕೆಯಾಗಿ, ಕೊನೆಯ ವೋಲ್ಟೇಜ್ 4.55ಕ್ಕೆ ಇಳಿಯುತ್ತದೆ, ಕಾಲ ಸ್ಥಿರಾಂಕ 20 ಸೆಕೆಂಡಿಗೆ ಕುಗ್ಗುತ್ತದೆ, ಆದರೂ 4 ವೋಲ್ಟನ್ನು ಮುಟ್ಟಲು 42 ಸೆಕೆಂಡು ಹಿಡಿಯುತ್ತದೆ. ಇದನ್ನು ಅಳತೆಯ ದೋಷವೆಂದು ತಳ್ಳಿಹಾಕುವುದಕ್ಕಿಂತ ಪಾಠವೆಂದು ಓದುವುದು ಲೇಸು. ಜೀವಂತ ನರಕೋಶದಲ್ಲಿ ಪ್ರತಿಬಂಧಕ ಸಿನಾಪ್ಸ್ (ಇನ್ನೊಂದು ಕೋಶದಿಂದ ಬಂದು ತಡೆಯೊಡ್ಡುವ ಜೋಡಣೆ) ಒಂದು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ: ಅದು ವೋಲ್ಟೇಜನ್ನು ಕೆಳಕ್ಕೆ ಎಳೆಯಲೇಬೇಕೆಂದಿಲ್ಲ, ಪೊರೆಯಲ್ಲಿ ಇನ್ನೊಂದು ಸೋರಿಕೆಯನ್ನು ತೆರೆದರೆ ಸಾಕು, ಉಳಿದವರ ತಳ್ಳುವಿಕೆ ಅಷ್ಟರಮಟ್ಟಿಗೆ ವ್ಯರ್ಥವಾಗುತ್ತದೆ.

ಅದೇ ಕೋಶ ಸ್ಪ್ರೆಡ್‌ಶೀಟಿನಲ್ಲಿ

ಈಗ ಲಿಬ್ರೆ ಆಫೀಸ್ ಅಥವಾ ಎಕ್ಸೆಲ್ ತೆರೆಯಬೇಕು. ಪೈಥಾನ್ ಬಲ್ಲವರೂ ಈ ಹಂತವನ್ನು ಹಾರಿಸಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಪ್ರೋಗ್ರಾಮಿನಲ್ಲಿ ಮಧ್ಯದ ಅಂಕಿಗಳು ಕಣ್ಣಿಗೆ ಬೀಳದೆ ಕೊನೆಯ ಚಿತ್ರ ಮಾತ್ರ ಕಾಣುತ್ತದೆ. ವಿಶ್ರಾಂತಿಯ ವೋಲ್ಟೇಜ್ ಮೈನಸ್ 70, ಸ್ಪೈಕಿನ ಮಿತಿ ಮೈನಸ್ 50, ಸ್ಪೈಕ್ ಆದ ಮೇಲೆ ಮರಳುವ ಜಾಗ ಮತ್ತೆ ಮೈನಸ್ 70 ಎಂದಿಟ್ಟುಕೊಳ್ಳೋಣ. ಒಳಗೆ ಹರಿಸುವ ಪ್ರವಾಹ 0.25 ನ್ಯಾನೋಆಂಪಿಯರ್, ಅದನ್ನು 100 ಮೆಗಾಓಮ್‌ನಿಂದ ಗುಣಿಸಿದರೆ 25 ಮಿಲಿವೋಲ್ಟ್. ಮೊದಲ ಕಂಬಸಾಲಿನಲ್ಲಿ ಮಿಲಿಸೆಕೆಂಡುಗಳನ್ನು ಬರೆದು, ಎರಡನೆಯದರಲ್ಲಿ ವೋಲ್ಟೇಜ್ ಇಡಬೇಕು. ಪ್ರತಿ ಸಾಲಿನ ನಿಯಮ ಹೀಗಿದೆ: ಹಿಂದಿನ ಸಾಲಿನ ವೋಲ್ಟೇಜ್ ವಿಶ್ರಾಂತಿ ಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅದನ್ನು 25ರಿಂದ ಕಳೆದು, ಬಂದದ್ದನ್ನು 20ರಿಂದ ಭಾಗಿಸಿ, ಹಿಂದಿನ ವೋಲ್ಟೇಜಿಗೆ ಕೂಡಿಸಬೇಕು, ಹಿಂದಿನ ವೋಲ್ಟೇಜ್ ಮಿತಿಯನ್ನು ಮುಟ್ಟಿದ್ದರೆ ಮಾತ್ರ ಇದನ್ನೆಲ್ಲ ಬಿಟ್ಟು ಮೈನಸ್ 70 ಎಂದು ಬರೆಯಬೇಕು.

ಮೊದಲ ಹೆಜ್ಜೆಯಲ್ಲಿ ಮೈನಸ್ 68.75, ಎರಡನೆಯದರಲ್ಲಿ ಮೈನಸ್ 67.56, ಮೂರನೆಯದರಲ್ಲಿ ಮೈನಸ್ 66.43 ಬರುತ್ತದೆ. ಪ್ರತಿ ಹೆಜ್ಜೆಯ ಏರಿಕೆ ಹಿಂದಿನದರ ನೂರಕ್ಕೆ 95ರಷ್ಟು ಮಾತ್ರ. ಸೋರಿಕೆ ಎಂದರೆ ಇದೇ. 31ನೆಯ ಹೆಜ್ಜೆಯಲ್ಲಿ ಮೈನಸ್ 50.10ಕ್ಕೆ ಬಂದು ನಿಲ್ಲುವ ವೋಲ್ಟೇಜ್ 32ನೆಯದರಲ್ಲಿ ಮೈನಸ್ 49.84 ಆಗಿ ಮಿತಿಯನ್ನು ದಾಟುತ್ತದೆ. ಕಲನಶಾಸ್ತ್ರದಿಂದ ನೇರವಾಗಿ ತೆಗೆದ ಉತ್ತರ 32.2 ಮಿಲಿಸೆಕೆಂಡ್. ಕೆಪಾಸಿಟರ್ 5ರಲ್ಲಿ 4 ವೋಲ್ಟ್ ಮುಟ್ಟಿದ್ದೂ ಈ ಕೋಶ 25ರಲ್ಲಿ 20 ಮಿಲಿವೋಲ್ಟ್ ಏರಿದ್ದೂ ಒಂದೇ ಪ್ರಮಾಣವಾದ್ದರಿಂದ ಎರಡೂ ಲೆಕ್ಕದಲ್ಲಿ ಅದೇ ಲಾಗರಿದಮ್ ಕಾಣಿಸಿಕೊಳ್ಳುತ್ತದೆ.

ಇಲ್ಲಿಂದ ಮುಂದೆ ಅಂಕಿಗಳನ್ನು ಬದಲಿಸುತ್ತಾ ಹೋಗಬೇಕು. ಪ್ರವಾಹವನ್ನು 0.2 ನ್ಯಾನೋಆಂಪಿಯರಿಗೆ ಇಳಿಸಿದರೆ ವೋಲ್ಟೇಜ್ ಮೈನಸ್ 50ರ ಕಡೆಗೆ ತೆವಳುತ್ತಲೇ ಇರುತ್ತದೆ, ತಲುಪುವುದಿಲ್ಲ. 0.21ಕ್ಕೆ ಏರಿಸಿದರೆ, ಕಲನಶಾಸ್ತ್ರದ ನೇರ ಲೆಕ್ಕದಲ್ಲಿ, ಸೆಕೆಂಡಿಗೆ ಸುಮಾರು 16 ಸ್ಪೈಕುಗಳು, 0.25ಕ್ಕೆ 31, 0.5ಕ್ಕೆ 98. ಪ್ರತಿ ಸ್ಪೈಕಿನ ನಂತರ 2 ಮಿಲಿಸೆಕೆಂಡ್ ಕೋಶ ಸುಮ್ಮನಿರಬೇಕೆಂಬ ನಿಯಮ ಸೇರಿಸಿದರೆ ಕೊನೆಯದು 82ಕ್ಕೆ ಇಳಿಯುತ್ತದೆ. ಕಾಲದ ಹೆಜ್ಜೆಯನ್ನೂ ಬದಲಿಸಿ ನೋಡಬೇಕು: 10 ಮಿಲಿಸೆಕೆಂಡಿನ ಹೆಜ್ಜೆಯಿಟ್ಟರೆ ಸ್ಪೈಕ್ 30ರಲ್ಲೇ ಬರುತ್ತದೆ, 40ಕ್ಕಿಂತ ದೊಡ್ಡ ಹೆಜ್ಜೆಯಿಟ್ಟು ಮಿತಿಯ ನಿಯಮವನ್ನು ತೆಗೆದುಹಾಕಿದರೆ ವೋಲ್ಟೇಜ್ ಮೇಲಕ್ಕೂ ಕೆಳಕ್ಕೂ ಹೊಯ್ದಾಡುತ್ತಾ ಅನಂತದತ್ತ ಓಡುತ್ತದೆ. ಆ ಓಟಕ್ಕೂ ಕೋಶಕ್ಕೂ ಸಂಬಂಧವಿಲ್ಲ, ಅದು ನಮ್ಮ ಲೆಕ್ಕದ ಒರಟುತನ. ಮಾದರಿಯ ಗುಣ ಯಾವುದು, ಲೆಕ್ಕ ಹಾಕುವ ವಿಧಾನದ ಗುಣ ಯಾವುದು ಎಂದು ಬೇರ್ಪಡಿಸಲು ಕಲಿತವರು ಮುಂದೆ ಬಹಳ ಗೊಂದಲದಿಂದ ಪಾರಾಗುತ್ತಾರೆ.

ಪೈಥಾನ್, ಎರಡು ಕೋಶಗಳು, ಕಲಿಕೆ

ಸ್ಪ್ರೆಡ್‌ಶೀಟಿನಲ್ಲಿ ಒಂದು ಕೋಶ ಕೈವಶವಾದ ಮೇಲೆ ಪೈಥಾನಿಗೆ ಹೋಗಬಹುದು. ಮೊದಲು ಅದೇ ಲೆಕ್ಕವನ್ನು ಸಿದ್ಧ ಸಾಧನಗಳಿಲ್ಲದೆ ಹತ್ತು ಸಾಲಿನಲ್ಲಿ ಬರೆದು 32 ಬರುತ್ತದೆಯೇ ಎಂದು ನೋಡಬೇಕು. ನಂತರದ ಮೆಟ್ಟಿಲು 2003ರಲ್ಲಿ ಯೂಜೀನ್ ಇಝಿಕೆವಿಚ್ ಪ್ರಕಟಿಸಿದ ಮಾದರಿ. ಅದರಲ್ಲಿ ವೋಲ್ಟೇಜಿನ ಜೊತೆಗೆ ಕೋಶದ ದಣಿವನ್ನು ಸೂಚಿಸುವ ಇನ್ನೊಂದು ಚರವಿದೆ. ವೋಲ್ಟೇಜಿನ ವರ್ಗದ 0.04 ಪಟ್ಟು, ವೋಲ್ಟೇಜಿನ 5 ಪಟ್ಟು ಮತ್ತು 140, ಇವುಗಳ ಮೊತ್ತದಿಂದ ದಣಿವನ್ನು ಕಳೆದು ಪ್ರವಾಹವನ್ನು ಕೂಡಿಸಿದರೆ ವೋಲ್ಟೇಜ್ ಬದಲಾಗುವ ದರ ಸಿಗುತ್ತದೆ. ದಣಿವು ಬದಲಾಗುವ ದರವೆಂದರೆ ವೋಲ್ಟೇಜಿನ 0.2 ಪಟ್ಟಿನಿಂದ ದಣಿವನ್ನು ಕಳೆದುದರ 0.02 ಪಟ್ಟು. ವೋಲ್ಟೇಜ್ 30 ಮುಟ್ಟಿದಾಗ ಅದನ್ನು ಮೈನಸ್ 65ಕ್ಕೆ ಇಳಿಸಿ ದಣಿವಿಗೆ 8 ಕೂಡಿಸಿದರೆ ಕ್ರಮಬದ್ಧವಾಗಿ ಸ್ಪೈಕ್ ಹೊಮ್ಮಿಸುವ ಕೋಶ ಸಿಗುತ್ತದೆ; ಅದೇ ಎರಡು ಅಂಕಿಗಳನ್ನು ಮೈನಸ್ 50 ಮತ್ತು 2 ಎಂದು ಬದಲಿಸಿದರೆ ಗುಂಪುಗುಂಪಾಗಿ ಹೊಮ್ಮಿಸುವ ಕೋಶ. ಅರ್ಧ ಮಿಲಿಸೆಕೆಂಡಿನ ಹೆಜ್ಜೆ, 10ರ ಪ್ರವಾಹ ಇಟ್ಟು ಎರಡನ್ನೂ ಅಕ್ಕಪಕ್ಕದಲ್ಲಿ ಚಿತ್ರಿಸಿ ನೋಡಬೇಕು. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿಯ ಪೂರ್ಣ ಸಮೀಕರಣಗಳು ಇದಕ್ಕೂ ಮುಂದಿನ ಮೆಟ್ಟಿಲು. ಸೋಡಿಯಂ ನಾಳಕ್ಕೆ ಮೂರು ತೆರೆಯುವ ಬಾಗಿಲು ಒಂದು ಮುಚ್ಚುವ ಬಾಗಿಲು, ಪೊಟ್ಯಾಸಿಯಂ ನಾಳಕ್ಕೆ ನಾಲ್ಕು ಬಾಗಿಲು ಎಂಬ ಅವರ ಕಲ್ಪನೆಯನ್ನು ಒಮ್ಮೆಯಾದರೂ ಬರೆದು ನೋಡಿದವರಿಗೆ ಸ್ಪೈಕಿನ ಆಕಾರ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಜಾಲಗಳಿಗೆ ಬ್ರಯಾನ್ ಎಂಬ ಉಚಿತ ಸಿಮ್ಯುಲೇಟರ್ ಸಾಕು. ಅದರಲ್ಲಿ ಸಮೀಕರಣವನ್ನು ಗಣಿತದಲ್ಲಿ ಬರೆಯುವಂತೆಯೇ ಬರೆಯಬಹುದು. ಮೊದಲ ಜಾಲ ಎರಡೇ ಕೋಶಗಳದ್ದಾಗಿರಲಿ, ಪ್ರತಿಯೊಂದೂ ಇನ್ನೊಂದನ್ನು ತಡೆಯುವಂತಿರಲಿ. ಎರಡಕ್ಕೂ ಸ್ವಲ್ಪ ವ್ಯತ್ಯಾಸವಿರುವ ಪ್ರವಾಹ ಕೊಟ್ಟರೆ, ತಡೆ ಸಾಕಷ್ಟು ಬಲವಾಗಿದ್ದಾಗ ಹೆಚ್ಚು ಪಡೆದದ್ದು ಇನ್ನೊಂದನ್ನು ಪೂರ್ತಿ ಅಡಗಿಸಿಬಿಡುತ್ತದೆ. ಆಯ್ಕೆ ಎಂಬ ಕ್ರಿಯೆ ಎರಡು ಕೋಶಗಳಲ್ಲೇ ಹುಟ್ಟುತ್ತದೆ.

ಕಲಿಕೆಯ ನಿಯಮಗಳಲ್ಲಿ ಸ್ಪೈಕುಗಳ ಸಮಯವನ್ನು ಆಧರಿಸಿದ್ದನ್ನು ಮೊದಲು ತೆಗೆದುಕೊಳ್ಳುವುದು ಒಳ್ಳೆಯದು. 1997ರಲ್ಲಿ ಹೆನ್ರಿ ಮಾರ್ಕ್ರಮ್ ಮತ್ತು ಸಹೋದ್ಯೋಗಿಗಳು, 1998ರಲ್ಲಿ ಗುವೋಚಿಯಾಂಗ್ ಬಿ ಮತ್ತು ಮುಮಿಂಗ್ ಪೂ ತೋರಿಸಿದಂತೆ, ಕಳುಹಿಸುವ ಕೋಶದ ಸ್ಪೈಕ್ ಪಡೆಯುವ ಕೋಶದ ಸ್ಪೈಕಿಗಿಂತ ತುಸು ಮೊದಲು ಬಂದರೆ ಸಿನಾಪ್ಸ್ ಬಲಗೊಳ್ಳುತ್ತದೆ, ನಂತರ ಬಂದರೆ ದುರ್ಬಲವಾಗುತ್ತದೆ, ಅಂತರ ಹತ್ತಾರು ಮಿಲಿಸೆಕೆಂಡ್ ಮೀರಿದರೆ ಏನೂ ಆಗುವುದಿಲ್ಲ. ಬಲಗೊಳ್ಳುವ ಗರಿಷ್ಠ ಪ್ರಮಾಣ 0.01, ದುರ್ಬಲಗೊಳ್ಳುವ ಗರಿಷ್ಠ ಪ್ರಮಾಣ 0.0105, ಎರಡಕ್ಕೂ ಕಾಲ ಸ್ಥಿರಾಂಕ 20 ಮಿಲಿಸೆಕೆಂಡ್ ಎಂದಿಟ್ಟರೆ, 10 ಮಿಲಿಸೆಕೆಂಡ್ ಅಂತರದ ಒಂದು ಜೋಡಿ ಸ್ಪೈಕಿನಿಂದ ತೂಕ (ಸಿನಾಪ್ಸಿನ ಬಲವನ್ನು ಸೂಚಿಸುವ ಅಂಕಿ) 0.0061 ಏರುತ್ತದೆ ಅಥವಾ 0.0064 ಇಳಿಯುತ್ತದೆ. ಇಳಿಕೆಯನ್ನು ತುಸು ದೊಡ್ಡದಾಗಿ ಇಟ್ಟಿರುವುದು ಬೇಕೆಂದೇ: ಪರಸ್ಪರ ಸಂಬಂಧವಿಲ್ಲದೆ ಯದ್ವಾತದ್ವಾ ಬರುವ ಸ್ಪೈಕುಗಳು ಒಟ್ಟಾರೆ ಸಿನಾಪ್ಸನ್ನು ಕ್ಷೀಣಿಸಬೇಕು, ಕಾರಣಕಾರ್ಯದ ಕ್ರಮದಲ್ಲಿ ಬಂದವು ಮಾತ್ರ ಉಳಿಸಬೇಕು. ಈ ಎರಡು ಅಂಕಿಗಳನ್ನು ಅದಲುಬದಲು ಮಾಡಿ ನೋಡಿದರೆ ಎಲ್ಲ ತೂಕಗಳೂ ಗರಿಷ್ಠ ಮಿತಿಯತ್ತ ತೇಲುವ ಪ್ರವೃತ್ತಿ ಕಾಣುತ್ತದೆ. ಮಿದುಳಿನ ಕಲಿಕೆ ಇಷ್ಟೇ ಎಂದು ಮಾತ್ರ ಭಾವಿಸಬಾರದು. ಡೋಪಮೀನಿನಂಥ ರಾಸಾಯನಿಕಗಳು, ಸಂಕೇತಗಳನ್ನು ಪಡೆಯುವ ಕವಲುಗಳಾದ ಡೆಂಡ್ರೈಟುಗಳ ಒಳಗಿನ ಲೆಕ್ಕಾಚಾರ, ನರಕೋಶಗಳಲ್ಲದ ಗ್ಲಿಯಾ ಕೋಶಗಳು ಇವೆಲ್ಲ ಈ ಸರಳ ನಿಯಮದ ಹೊರಗಿವೆ.

ಸಿಲಿಕಾನಿಗೆ ಇಳಿಯುವಾಗ

ಅಮೆರಿಕದ ಕಾಲ್ಟೆಕ್ ವಿಶ್ವವಿದ್ಯಾಲಯದ ಕಾರ್ವರ್ ಮೀಡ್ 1980ರ ದಶಕದಲ್ಲಿ ಗಮನಿಸಿದ ಸಾಮ್ಯ ಈ ಕ್ಷೇತ್ರದ ಬೇರು. ಟ್ರಾನ್ಸಿಸ್ಟರನ್ನು ಪೂರ್ತಿ ತೆರೆಯದೆ, ಅದರ ಮಿತಿ ವೋಲ್ಟೇಜಿಗಿಂತ ಕೆಳಗೆ ಇಟ್ಟರೆ ಅದರ ಮೂಲಕ ಹರಿಯುವ ಅತ್ಯಲ್ಪ ಪ್ರವಾಹ ಗೇಟಿನ ವೋಲ್ಟೇಜಿನೊಂದಿಗೆ ಘಾತೀಯವಾಗಿ ಬದಲಾಗುತ್ತದೆ. ನರಕೋಶದ ಪೊರೆಯಲ್ಲಿ ಅಯಾನು ನಾಳಗಳು ತೆರೆಯುವುದೂ ಪೊರೆಯ ವೋಲ್ಟೇಜಿನೊಂದಿಗೆ ಅದೇ ರೀತಿ ಬದಲಾಗುತ್ತದೆ. ಎರಡರ ಹಿಂದೆಯೂ ಇರುವುದು ಉಷ್ಣಚಲನೆಯ ಒಂದೇ ಭೌತನಿಯಮ, ಕೋಣೆಯ ಉಷ್ಣತೆಯಲ್ಲಿ ಅದರ ಅಳತೆಗೋಲು ಸುಮಾರು 25 ಮಿಲಿವೋಲ್ಟ್. ಮೀಡ್ ತಮ್ಮ ವಿದ್ಯಾರ್ಥಿನಿ ಮಿಶಾ ಮಹೋವಾಲ್ಡ್ ಅವರೊಡನೆ ಸೇರಿ ಕಟ್ಟಿದ, ಕಣ್ಣಿನ ಅಕ್ಷಿಪಟಲವನ್ನು ಅನುಕರಿಸುವ ಸಿಲಿಕಾನ್ ರೆಟಿನಾ ಈ ವಿಚಾರದ ಮೊದಲ ದೊಡ್ಡ ಫಲ. ಪ್ರತಿ ಕೋಶಕ್ಕೊಂದು ತಂತಿ ಎಳೆಯಲು ಚಿಪ್ಪಿನಲ್ಲಿ ಜಾಗವಿಲ್ಲದ್ದರಿಂದ, ಸ್ಪೈಕ್ ಆದಾಗ ಆ ಕೋಶದ ವಿಳಾಸವನ್ನಷ್ಟೇ ಎಲ್ಲರೂ ಹಂಚಿಕೊಂಡ ತಂತಿಗಳ ಮೇಲೆ ಕಳುಹಿಸುವ ಪದ್ಧತಿಯೂ ಆ ಕಾಲದ ಕಾಲ್ಟೆಕ್‌ನ ಕೆಲಸಗಳಿಂದಲೇ ಬೆಳೆಯಿತು. ನರತಂತು ಸೆಕೆಂಡಿಗೆ ಕೆಲವೇ ಬಾರಿ ಮಾತಾಡುತ್ತದೆ, ಲೋಹದ ತಂತಿ ಕೋಟಿಗಟ್ಟಲೆ ಬಾರಿ ಮಾತಾಡಬಲ್ಲದು. ಈ ವ್ಯತ್ಯಾಸವೇ ಆ ಪದ್ಧತಿಯ ಬಂಡವಾಳ.

ನಂತರದ ಚಿಪ್‌ಗಳನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರಬೇಕು: ಕೋಶದ ಸಮೀಕರಣವನ್ನು ಯಾರು ಬಿಡಿಸುತ್ತಾರೆ, ತೂಕಗಳು ಎಲ್ಲಿ ಕುಳಿತಿವೆ, ಕಲಿಕೆ ಎಲ್ಲಿ ನಡೆಯುತ್ತದೆ. 2014ರಲ್ಲಿ ಐಬಿಎಂ ಪ್ರಕಟಿಸಿದ ಟ್ರೂನಾರ್ತ್ 540 ಕೋಟಿ ಟ್ರಾನ್ಸಿಸ್ಟರುಗಳಿಂದ 4,096 ಕೋರ್‌ಗಳನ್ನೂ ಸುಮಾರು ಹತ್ತು ಲಕ್ಷ ಕೋಶಗಳನ್ನೂ ಕಟ್ಟಿ, ಸುಮಾರು 70 ಮಿಲಿವ್ಯಾಟ್‌ನಲ್ಲಿ ಓಡಿತು. ಆದರೆ ಅದು ಚಿಪ್ಪಿನ ಮೇಲೆ ಕಲಿಯುತ್ತಿರಲಿಲ್ಲ, ಹೊರಗೆ ತರಬೇತಾದ ತೂಕಗಳನ್ನು ತಂದು ಹಾಕಬೇಕಿತ್ತು. ಇಂಟೆಲ್‌ನ ಲೋಯಿಹಿಯಲ್ಲಿ 128 ಕೋರ್‌ಗಳು, ಸುಮಾರು 1.3 ಲಕ್ಷ ಕೋಶಗಳು, ಮತ್ತು ಚಿಪ್ಪಿನಲ್ಲೇ ಕಲಿಯುವ ವ್ಯವಸ್ಥೆ ಇದೆ. ಮ್ಯಾಂಚೆಸ್ಟರಿನಲ್ಲಿ ಸ್ಟೀವ್ ಫರ್ಬರ್ ನೇತೃತ್ವದಲ್ಲಿ ಕಟ್ಟಿದ ಸ್ಪಿನ್ನೇಕರ್, ಮೊಬೈಲುಗಳಲ್ಲೂ ಬಳಕೆಯಾಗುವ ಆರ್ಮ್ ಜಾತಿಯ ಪ್ರೊಸೆಸರುಗಳನ್ನೇ ಹತ್ತು ಲಕ್ಷ ಸಂಖ್ಯೆಯಲ್ಲಿ ಜೋಡಿಸಿದ ಯಂತ್ರ. ಅಲ್ಲಿ ಸಮೀಕರಣ ಬಿಡಿಸುವುದು ಸಾಫ್ಟ್‌ವೇರ್. ಹೈಡೆಲ್‌ಬರ್ಗ್‌ನ ಬ್ರೈನ್‌ಸ್ಕೇಲ್ಸ್‌ನಲ್ಲಿ ಮಾತ್ರ ಅನಲಾಗ್ ಮಂಡಲವೇ ಸಮೀಕರಣವಾಗಿ ವರ್ತಿಸುತ್ತದೆ, ಅದೂ ಜೀವಕೋಶಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗದಲ್ಲಿ. ದೀರ್ಘಕಾಲದ ಕಲಿಕೆಯನ್ನು ಬೇಗ ಪರೀಕ್ಷಿಸಲು ಇದು ವರವಾದರೂ, ಎದುರಿಗಿರುವವರ ಮಾತನ್ನು ಅವರ ವೇಗದಲ್ಲೇ ಕೇಳಬೇಕಾದ ಯಂತ್ರಕ್ಕೆ ಅಷ್ಟು ಹೊಂದುವುದಿಲ್ಲ.

ಮಿದುಳಿನಂಥದ್ದು ಎಂಬ ಬಿರುದನ್ನು ಕೇಳಿದಾಗ ಸ್ಪೈಕಿಗಿಂತ ಮೊದಲು ತೂಕಗಳು ಎಲ್ಲಿವೆ ಎಂದು ಕೇಳುವುದೇ ಸರಿಯಾದ ಅಭ್ಯಾಸವೆಂದು ನನಗೆ ಅನಿಸುತ್ತದೆ. 45 ನ್ಯಾನೋಮೀಟರ್ ತಂತ್ರಜ್ಞಾನದ ಅಂದಾಜಿನಲ್ಲಿ 32 ಬಿಟ್‌ನ ಎರಡು ದಶಮಾಂಶ ಸಂಖ್ಯೆಗಳನ್ನು ಗುಣಿಸಲು 3.7 ಪಿಕೋಜೂಲ್, ಕೂಡಿಸಲು 0.9 ಪಿಕೋಜೂಲ್ ಬೇಕು. ಹೊರಗಿನ ಡಿರಾಮ್ ಮೆಮೊರಿಯಿಂದ 32 ಬಿಟ್ ತರಲು 640 ಪಿಕೋಜೂಲ್ ಬೇಕು. ಈಗ ಕೈಬರಹದ ಅಂಕಿಗಳನ್ನು ಗುರುತಿಸುವ ಒಂದು ಚಿಕ್ಕ ಜಾಲವನ್ನು ತೆಗೆದುಕೊಳ್ಳಿ: 784 ಒಳಬರುವ ಕೋಶಗಳು, ನಡುವೆ 100, ಕೊನೆಯಲ್ಲಿ 10. ಸಾಮಾನ್ಯ ಜಾಲದಲ್ಲಿ ಒಂದು ಚಿತ್ರಕ್ಕೆ 79,400 ಗುಣಾಕಾರಗಳೂ ಅಷ್ಟೇ ಸಂಕಲನಗಳೂ ಆಗುತ್ತವೆ. ಸ್ಪೈಕ್ ಜಾಲದಲ್ಲಿ ಗುಣಾಕಾರವಿಲ್ಲ, ಸ್ಪೈಕ್ ಬಂದಾಗ ತೂಕವನ್ನು ಕೂಡಿಸುವುದಷ್ಟೇ. ಪ್ರತಿ ಕೋಶವೂ ಒಂದು ಚಿತ್ರಕ್ಕೆ ಒಂದೇ ಸ್ಪೈಕ್ ಹೊಮ್ಮಿಸಿದರೆ 79,400 ಸಂಕಲನಗಳು. ಸರಾಸರಿ ಐದಕ್ಕೆ ಏರಿದರೆ ಅಂಕಗಣಿತದ ಉಳಿತಾಯವೆಲ್ಲ ಕರಗಿಹೋಗುತ್ತದೆ. ಇದಲ್ಲದೆ ಪ್ರತಿ ಸ್ಪೈಕಿಗೂ ತೂಕಗಳನ್ನು ಓದಬೇಕು, ಪ್ರತಿ ಹೆಜ್ಜೆಗೂ ಕೋಶಗಳ ವೋಲ್ಟೇಜನ್ನು ಪರಿಷ್ಕರಿಸಬೇಕು. ಆ ತೂಕಗಳು ಡಿರಾಮ್‌ನಲ್ಲಿದ್ದರೆ ಮೇಲಿನ ಲೆಕ್ಕವೇ ನಗಣ್ಯ. ಟ್ರೂನಾರ್ತ್ ಕಟ್ಟಿದ ತಂಡವೇ 2023ರಲ್ಲಿ ಹೊರತಂದ ನಾರ್ತ್‌ಪೋಲ್ ಚಿಪ್ಪಿನಲ್ಲಿ ಸ್ಪೈಕುಗಳನ್ನು ಕೈಬಿಟ್ಟು, ಮೆಮೊರಿಯನ್ನು ಲೆಕ್ಕದ ಪಕ್ಕದಲ್ಲೇ ಇಡುವುದನ್ನು ಮಾತ್ರ ಉಳಿಸಿಕೊಂಡಿರುವುದು ಇದಕ್ಕೆ ಸಾಕ್ಷಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದ ಆಣ್ವಿಕ ಮೆಮ್ರಿಸ್ಟರ್ (ಹಿಂದೆ ಹರಿದ ಪ್ರವಾಹದ ನೆನಪನ್ನು ತನ್ನ ರೋಧದಲ್ಲಿ ಉಳಿಸಿಕೊಳ್ಳುವ ಸಾಧನ) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: 16,500ರಷ್ಟು ಬೇರೆಬೇರೆ ವಾಹಕತೆಯ ಮಟ್ಟಗಳನ್ನು ಹಿಡಿದಿಡಬಲ್ಲ ಆ ಸಾಧನದಲ್ಲಿ ತೂಕ ಇರುವ ಜಾಗದಲ್ಲೇ ಗುಣಾಕಾರವೂ ನಡೆಯುತ್ತದೆ.

ಕುತೂಹಲಕ್ಕೆ ಮೇವು

ತರಬೇತಿಗೆ ಕೈಬರಹದ ಅಂಕಿಗಳನ್ನೇ ಹಿಡಿದು ಕೂರುವುದು ರೂಢಿಯಾದರೂ ಸ್ಪೈಕ್ ಜಾಲಕ್ಕೆ ಅದು ತಕ್ಕ ಪರೀಕ್ಷೆಯಲ್ಲ. ಸ್ಥಿರಚಿತ್ರದಲ್ಲಿ ಕಾಲವೇ ಇಲ್ಲ. ಹೈಡೆಲ್‌ಬರ್ಗಿನವರು ಇಂಗ್ಲಿಷ್ ಮತ್ತು ಜರ್ಮನ್ ಭಾಷೆಗಳಲ್ಲಿ ಉಚ್ಚರಿಸಿದ ಅಂಕಿಗಳನ್ನು ಸ್ಪೈಕುಗಳಾಗಿ ಪರಿವರ್ತಿಸಿ ಉಚಿತವಾಗಿ ಇಟ್ಟಿದ್ದಾರೆ, ಅದರಿಂದ ಆರಂಭಿಸುವುದು ಮೇಲು. ಸ್ಪೈಕ್ ಹಠಾತ್ತನೆ ಜಿಗಿಯುವುದರಿಂದ, ತೂಕಗಳನ್ನು ಯಾವ ಕಡೆಗೆ ತಿದ್ದಬೇಕೆಂದು ತೋರಿಸುವ ಇಳಿಜಾರು (ಗ್ರೇಡಿಯಂಟ್) ಅದಕ್ಕೆ ಇಲ್ಲ, ಆದ್ದರಿಂದ ತರಬೇತಿಯ ವೇಳೆ ಮಾತ್ರ ನಯವಾದ ಬದಲಿ ಇಳಿಜಾರನ್ನು ಬಳಸುವ ಉಪಾಯವನ್ನು ಎಸ್‌ಎನ್‌ಎನ್‌ಟಾರ್ಚ್ ಎಂಬ ಸಾಧನದ ಪಾಠಗಳಲ್ಲಿ ಕಲಿಯಬಹುದು. ನರವಿಜ್ಞಾನದ ಕಡೆಯಿಂದ, 2020ರಲ್ಲಿ ಆರಂಭವಾದ ನ್ಯೂರೋಮ್ಯಾಚ್ ಅಕಾಡೆಮಿಯ ಪಾಠಗಳೆಲ್ಲ ಮುಕ್ತವಾಗಿ ಸಿಗುತ್ತವೆ.

ನರಜಾಲದ ನಕ್ಷೆಗಳನ್ನು ಓದುವಾಗ ಸಣ್ಣ ಹುಳುವಿನಿಂದ ಹೊರಡಬೇಕು. ಸಿ. ಎಲೆಗನ್ಸ್ ಎಂಬ ಹುಳುವಿನ 302 ನರಕೋಶಗಳ ನಕ್ಷೆ 1986ರಲ್ಲೇ ಪ್ರಕಟವಾಗಿದೆ, ಹಣ್ಣಿನ ನೊಣದ 1,39,255 ಕೋಶಗಳ ನಕ್ಷೆ 2024ರಲ್ಲಿ ಬಂದಿದೆ. ಯಾವುದು ಯಾವುದಕ್ಕೆ ಸೇರಿದೆ ಎಂದು ನಕ್ಷೆ ಹೇಳುತ್ತದೆ, ಆ ಜೋಡಣೆ ಎಷ್ಟು ಬಲವಾದದ್ದು ಎಂದು ನೇರವಾಗಿ ಹೇಳುವುದಿಲ್ಲ. ಹುಳುವಿನ ನಕ್ಷೆ ಕೈಗೆ ಬಂದು ದಶಕಗಳಾದರೂ ಅದರ ನಡವಳಿಕೆಯನ್ನು ಪೂರ್ತಿಯಾಗಿ ಗಣಕದಲ್ಲಿ ಮೂಡಿಸಲಾಗಿಲ್ಲ ಎಂಬುದನ್ನು, ಮನುಷ್ಯನ ಮಿದುಳನ್ನೇ ನಕಲು ಮಾಡುತ್ತೇವೆಂಬ ಸುದ್ದಿ ಓದುವಾಗ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಬೆಂಗಳೂರಿಗೆ ಬರುವವರು ನಿಮ್ಹಾನ್ಸ್‌ನ ಮಿದುಳಿನ ಸಂಗ್ರಹಾಲಯವನ್ನು ನೋಡಬಹುದು, ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಅಲ್ಲಿನ ಪ್ರಯೋಗಾಲಯದವರನ್ನು ನೇರವಾಗಿ ಪ್ರಶ್ನಿಸಬಹುದು. ಲೆಕ್ಕ ಹಾಕಿದ ಕಾಗದ ಜೊತೆಗಿದ್ದರೆ ಮಾತುಕತೆ ಬೇರೆಯದೇ ಮಟ್ಟದಲ್ಲಿ ಸಾಗುತ್ತದೆ.

ಸ್ವಂತದ ಚಿಪ್

ಲೋಯಿಹಿಯಂಥ ಚಿಪ್‌ಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಸಂಶೋಧನಾ ಒಪ್ಪಂದದ ಮೂಲಕವೇ ಬಳಸಬೇಕು. ಮನೆಯಲ್ಲಿ ಕಟ್ಟಬಯಸುವವರಿಗೆ ಒಂದು ಸಣ್ಣ ಎಫ್‌ಪಿಜಿಎ ಬೋರ್ಡ್ (ಒಳಗಿನ ಮಂಡಲವನ್ನು ಬಳಸುವವರೇ ರೂಪಿಸಿಕೊಳ್ಳಬಹುದಾದ ಚಿಪ್ ಇರುವ ಬೋರ್ಡ್) ಸಾಕು. 27 ಮೆಗಾಹರ್ಟ್ಸ್ ಗಡಿಯಾರವಿರುವ ಬೋರ್ಡಿಗೆ ಒಂದು ಮಿಲಿಸೆಕೆಂಡಿನಲ್ಲಿ 27,000 ಬಡಿತಗಳು ಸಿಗುತ್ತವೆ. ಕೋಶದ ಮಂಡಲ ಒಂದನ್ನೇ ಕಟ್ಟಿ, 256 ಕೋಶಗಳ ವೋಲ್ಟೇಜನ್ನು ಮೆಮೊರಿಯಲ್ಲಿಟ್ಟು ಸರದಿಯಂತೆ ಪರಿಷ್ಕರಿಸಿದರೆ ಪ್ರತಿ ಕೋಶಕ್ಕೆ ನೂರಕ್ಕೂ ಹೆಚ್ಚು ಬಡಿತಗಳು ದೊರೆಯುತ್ತವೆ. ಟ್ರೂನಾರ್ತ್‌ನ ಪ್ರತಿ ಕೋರ್ ಕೂಡ ತನ್ನ 256 ಕೋಶಗಳಿಗೆ ಒಂದೇ ಮಂಡಲವನ್ನು ಹೀಗೆಯೇ ಹಂಚುತ್ತಿತ್ತು.

ಸ್ಪ್ರೆಡ್‌ಶೀಟಿನ ನಿಯಮವನ್ನು ಇಲ್ಲಿ ಒಂದೆಡೆ ತಿದ್ದಬೇಕು. 20ರಿಂದ ಭಾಗಿಸುವುದು ಯಂತ್ರಾಂಶದಲ್ಲಿ ದುಬಾರಿ, 16ರಿಂದ ಭಾಗಿಸುವುದೆಂದರೆ ದ್ವಿಮಾನ ಸಂಖ್ಯೆಯನ್ನು ನಾಲ್ಕು ಬಿಟ್ ಬಲಕ್ಕೆ ಸರಿಸುವುದಷ್ಟೇ. ಆದ್ದರಿಂದ ಕಾಲ ಸ್ಥಿರಾಂಕವನ್ನು 16 ಮಿಲಿಸೆಕೆಂಡಿಗೆ ಇಳಿಸಿ. ಪ್ರತಿ ಹೆಜ್ಜೆಗೆ ಒಳಬರುವುದು 25ರ ಹದಿನಾರನೆಯ ಒಂದು ಪಾಲು, ಎಂದರೆ 1.5625 ಮಿಲಿವೋಲ್ಟ್. ವಿಶ್ರಾಂತಿ ಮಟ್ಟದಿಂದ ಎಷ್ಟು ಮೇಲಿದೆ ಎಂಬುದನ್ನು ಪೂರ್ಣಾಂಕ ಮಿಲಿವೋಲ್ಟಿನಲ್ಲಿ ಇಟ್ಟು ಒಳಹರಿವನ್ನು 1 ಎಂದು ಬರೆದರೆ ಕೋಶ 16ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಬರುವುದೂ 1, ಸೋರುವುದೂ 1. 2 ಎಂದು ಬರೆದರೆ 12ನೆಯ ಹೆಜ್ಜೆಗೇ 20 ಮುಟ್ಟಿಬಿಡುತ್ತದೆ. ಮಿಲಿವೋಲ್ಟಿನ 256ನೆಯ ಒಂದು ಭಾಗವನ್ನು ಮಾನವಾಗಿ ತೆಗೆದುಕೊಂಡರೆ ಒಳಹರಿವು ಸರಿಯಾಗಿ 400, ಮಿತಿ 5,120 ಆಗುತ್ತದೆ, ಮತ್ತು ಸ್ಪೈಕ್ 25ನೆಯ ಹೆಜ್ಜೆಯಲ್ಲಿ, ಮಿತಿಯನ್ನು ಕೂದಲೆಳೆಯಷ್ಟೇ ಮೀರಿ, ಬರುತ್ತದೆ. ಬೋರ್ಡಿನ ಎಲ್‌ಇಡಿ ಆ ಹೆಜ್ಜೆಯಲ್ಲಿ ಮಿನುಗದಿದ್ದರೆ ದೋಷವನ್ನು ಮೊದಲು ಸೋರಿಕೆಯನ್ನು ಕಳೆಯುವ ಸಾಲಿನಲ್ಲಿ ಹುಡುಕಬೇಕು.